ಫ್ಯಾನ್ ನಿಲ್ಲಿಸಿದಾಗ ಕೇಳಿಸಿದ್ದು

ಆ ಸಾಲು ದಾಟಿಬಿಟ್ಟಳೇ? ದಾಟಿರಲಿಕ್ಕಿಲ್ಲ. ದಾಟಿದ್ದರೆ ಪೆನ್ಸಿಲ್ ನಿಲ್ಲುತ್ತಿತ್ತು. ನಿಲ್ಲಲೇಬೇಕೆಂದು ಎಲ್ಲಿದೆ? ಇದೆ, ತನ್ನ ಹೆಸರು ಕಂಡ ಕಡೆ ಯಾರ ಕಣ್ಣಾದರೂ ಒಂದು ಗಳಿಗೆ ಹೆಚ್ಚು ನಿಲ್ಲುತ್ತದೆ, ಗುಂಪಿನ ಫೋಟೋದಲ್ಲಿ ಮೊದಲು ತನ್ನ ಮುಖವನ್ನೇ ಹುಡುಕಿದ ಹಾಗೆ. ಹಾಗಾದರೆ ಇನ್ನೂ ಆ ಸಾಲು ಬಂದಿಲ್ಲ. ಈಗಲೂ ಹೊತ್ತು ಮೀರಿಲ್ಲ. 'ಅತ್ತಿಗೆ, ಆ ಹಾಳೆ ಕೊಡಿ, ಒಂದು ಪದ ಬದಲಿಸಬೇಕು' ಎಂದರೆ ಮುಗಿಯಿತು. ಆದರೆ ಯಾವ ಪದ ಎಂದು ಕೇಳುತ್ತಾಳೆ. ಯಾವ ಪದ ಎಂದು ಹೇಳಿದರೆ, ಮೊದಲು ಯಾಕೆ ಹಾಗೆ ಬರೆದಿದ್ದೆ ಎಂದು ಕೇಳುತ್ತಾಳೆ.

ಊಟದ ಮೇಜಿನ ಈ ಬದಿಯಲ್ಲಿ ಕೂತು ಅವನು ಗ್ರಂಥಸೂಚಿ ಹೊಂದಿಸುವವನಂತೆ ನಟಿಸುತ್ತಿದ್ದ. ಆ ಬದಿಯಲ್ಲಿ ಅವನ ಲೇಖನದ ಕರಡು ಓದುತ್ತಿದ್ದ ಅತ್ತಿಗೆ, ತಪ್ಪು ಸಿಕ್ಕಿದಾಗ ಕಿವಿಯ ಸಂದಿನಿಂದ ಕೆಂಪು ಪೆನ್ಸಿಲ್ ತೆಗೆದು ಗುರುತು ಹಾಕಿ, ಮತ್ತೆ ಅಲ್ಲಿಗೇ ಸಿಕ್ಕಿಸುತ್ತಿದ್ದಳು. ಮೇಲೆ ಫ್ಯಾನು ಸುತ್ತಿಗೊಮ್ಮೆ ಟಕ್ಕೆನ್ನುತ್ತಿತ್ತು.

"ರೀ, ಈ ಫ್ಯಾನ್ ಯಾವತ್ತು ಸರಿ ಮಾಡ್ತೀರ?" ಅವಳು ಹಾಳೆಯಿಂದ ಕಣ್ಣೆತ್ತದೆ ಕೇಳಿದಳು.

"ಗಿರಾಕಿಗಳು ಸಾಲಲ್ಲಿ ಬರಬೇಕು ಮೇಡಂ," ಎಂದ ಅಣ್ಣ, ಬಾಗಿಲ ಬಳಿ ನೆಲದಲ್ಲಿ ಕೂತು ಯಾರದೋ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತ. ಅವನದು ಫ್ಯಾನು, ಮೋಟಾರು ರಿಪೇರಿಯ ಅಂಗಡಿ. ಊರಿನ ಫ್ಯಾನುಗಳೆಲ್ಲ ಅವನ ಕೈಯಲ್ಲಿ ಬೆಣ್ಣೆಯ ಹಾಗೆ ತಿರುಗುತ್ತಿದ್ದವು, ಮನೆಯದೊಂದನ್ನು ಬಿಟ್ಟು.

"ಸಾಲಲ್ಲಿ ನಿಂತು ಎಷ್ಟು ವರ್ಷ ಆಯ್ತು ಗೊತ್ತಾ?"

"ನಿನ್ನ ಸಂಶೋಧನೆಗೆ ನಾನು ಫ್ಯಾನ್ ಆಫ್ ಮಾಡಿ ಆನ್ ಮಾಡಿ ಕೈ ಬಿದ್ದುಹೋಗಿದೆ. ಆ ಸಂಬಳ ಬರ್ಲಿ, ಆಮೇಲೆ ನೋಡೋಣ."

ಇದು ಆ ಮನೆಯ ಹಳೆಯ ನಗೆಮಾತು, ಆದರೆ ನಿಜ. ಅತ್ತಿಗೆ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ಒಂದು ಪ್ರಶ್ನೆ ಹಿಡಿದುಕೊಂಡಿದ್ದಳು. ಹಿಂದಿನ ಬೆಂಚಿನ ಮಕ್ಕಳನ್ನು ದಡ್ಡರು ಅನ್ನುತ್ತಾರಲ್ಲ, ಅವರಿಗೆ ಮೇಷ್ಟ್ರ ಮಾತು ಕೇಳಿಸುತ್ತದೆಯೇ? ಸರಕಾರಿ ಶಾಲೆಗಳಿಗೆ ಹೋಗಿ, ಹಲಗೆಯ ಪಕ್ಕ ನಿಂತು, ಪದಗಳನ್ನು ಓದಿ ಮಕ್ಕಳಿಂದ ಬರೆಸುತ್ತಿದ್ದಳು. ಒಂದು ಸಲ ಫ್ಯಾನು ತಿರುಗುವಾಗ, ಇನ್ನೊಂದು ಸಲ ನಿಲ್ಲಿಸಿ. ಸ್ವಿಚ್ಚು ಹಾಳಾಗಿದ್ದ ಶಾಲೆಗಳಲ್ಲಿ ತಂತಿ ಬಿಡಿಸಿ ಜೋಡಿಸುವುದಕ್ಕೆ ಒಬ್ಬ ಎಲೆಕ್ಟ್ರಿಷಿಯನ್ ಬೇಕಾಗಿದ್ದ. ಆ ಎಲೆಕ್ಟ್ರಿಷಿಯನ್ನೇ ಅಣ್ಣ. ಫ್ಯಾನು ನಿಂತಾಗ ಹಿಂದಿನ ಬೆಂಚಿನವರ ತಪ್ಪುಗಳು ಮುಂದಿನ ಬೆಂಚಿನವರಷ್ಟಕ್ಕೇ ಇಳಿದವು. ಶಾಲೆಯಿಂದ ಶಾಲೆಗೆ ಹಾಗೇ ಆಯಿತು. ಅವಳು ಕೋಷ್ಟಕ ಹಾಕಿದಳು, ಪ್ರಬಂಧ ಬರೆದಳು, ಪಾಸಾದಳು, ಎಲೆಕ್ಟ್ರಿಷಿಯನ್ನನ್ನು ಮದುವೆಯಾದಳು. "ಅವಳ ಸಂಶೋಧನೆಯಿಂದ ಬಂದ ಗಟ್ಟಿ ಫಲಿತಾಂಶ ಅಂದ್ರೆ ನಾನೇ," ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಆಮೇಲೆ ಮಗಳು ಹುಟ್ಟಿದಳು, ಅಮ್ಮ ಹಾಸಿಗೆ ಹಿಡಿದಳು, ಮುಂದಿನ ಓದು ಅಟ್ಟ ಸೇರಿತು. ಈಗ ಅಮ್ಮ ಇಲ್ಲ, ಮಗಳು ಶಾಲೆಗೆ ಹೋಗುತ್ತಾಳೆ. ಅತ್ತಿಗೆ ಡಾಕ್ಟರೇಟಿಗೆ ಅರ್ಜಿ ಹಾಕಿದ್ದಳು, ಅದೇ ವಿಭಾಗಕ್ಕೆ, ಮೈದುನ ಓದುತ್ತಿದ್ದ ವಿಭಾಗಕ್ಕೆ. ಕೈಯಲ್ಲಿ ಇದ್ದ ಬಂಡವಾಳ ಆ ಹಳೆಯ ಪ್ರಬಂಧ ಒಂದೇ.

ಮೈದುನ ತನ್ನ ಲೇಖನದಲ್ಲಿ ಅದನ್ನೇ ಉಲ್ಲೇಖಿಸಿದ್ದ. ಉಲ್ಲೇಖಿಸದೆ ಗತಿಯಿರಲಿಲ್ಲ, ತರಗತಿಯ ಸದ್ದಿನ ಬಗ್ಗೆ ಕನ್ನಡದಲ್ಲಿ ಬೇರೆ ಕೆಲಸವೇ ಆಗಿರಲಿಲ್ಲ.

ಮೊದಲ ಕರಡಿನಲ್ಲಿ ಅವನು ಬರೆದದ್ದು: ಸದ್ದು ಕಡಿಮೆಯಾದಾಗ ಹಿಂದಿನ ಸಾಲಿನ ಮಕ್ಕಳ ಗ್ರಹಿಕೆ ಸುಧಾರಿಸುತ್ತದೆ ಎಂದು 'ತೋರಿಸಿಕೊಟ್ಟಿದ್ದಾರೆ'. ಬರೆದ ಮೇಲೆ ಅದನ್ನು ಓದಿ ಒಂದು ತರಹದ ಸಂತೋಷವೂ ಆಗಿತ್ತು. ಅನಂತರ ವಿಭಾಗದ ಓದುಕೋಣೆಯಲ್ಲಿ ಅಡಿಟಿಪ್ಪಣಿ ಸಿಕ್ಕಿದ.

ಅಡಿಟಿಪ್ಪಣಿ ಎಂದರೆ ಎಲ್ಲರಿಗಿಂತ ಹಿರಿಯ ಸಂಶೋಧನಾ ವಿದ್ಯಾರ್ಥಿ. ಎಷ್ಟೋ ಜನ ಬಂದು ಬರೆದು ಡಾಕ್ಟರಾಗಿ ಹೋದರೂ ಅವನು ಪುಟದ ಕೆಳಗೇ ಉಳಿದಿದ್ದಾನೆಂದು ಆ ಹೆಸರು. ತನ್ನ ಪ್ರಬಂಧ ಮುಗಿಸದವನು ಬೇರೆಯವರ ಪ್ರಬಂಧಗಳಿಗೆ ಮಾತ್ರ ಧಾರಾಳವಾಗಿ ಬುದ್ಧಿ ಹೇಳುತ್ತಿದ್ದ.

"ನೋಡು ಮರಿ," ಎಂದಿದ್ದ ಅಡಿಟಿಪ್ಪಣಿ, ಲೋಟದ ಅಂಚನ್ನು ಬೆರಳಿಂದ ಒರೆಸುತ್ತ, "ವಿಷಯ ಎಲ್ಲರೂ ಬರೀತಾರೆ. ಕ್ರಿಯಾಪದದಲ್ಲಿ ಇರೋದು ಬದುಕೋ ದಾರಿ. ಗೈಡ್ ಬರೆದಿದ್ರೆ ಏನು ಹಾಕ್ತೀಯ?"

"ಸ್ಥಾಪಿಸಿದ್ದಾರೆ."

"ಭೇಷ್. ಗೈಡಿನ ಗೈಡ್?"

"ಪ್ರತಿಪಾದಿಸಿದ್ದಾರೆ."

"ಗೈಡಿಗೆ ಆಗದೇ ಇರೋರು?"

"ವಾದಿಸಿದ್ದಾರೆ."

"ಅಷ್ಟು ಮರ್ಯಾದೆ ಯಾಕೋ? 'ಹೇಳಿಕೊಂಡಿದ್ದಾರೆ' ಅನ್ನು. ತಾನೇ ಹೇಳ್ಕೊಂಡ, ತಾನೇ ಕೇಳ್ಕೊಂಡ. ನಿನಗೆ ಜವಾಬ್ದಾರಿ ಇಲ್ಲ." ಲೋಟ ಕೆಳಗಿಟ್ಟು, "ಇನ್ನು ನಮ್ಮಂಥೋರು ಬರೆದಿದ್ರೆ?"

"ಅಭಿಪ್ರಾಯಪಟ್ಟಿದ್ದಾರೆ."

"ಅಲ್ಲ. ನಮ್ಮಂಥೋರನ್ನ ಯಾರೂ ಉಲ್ಲೇಖಿಸಲ್ಲ!" ಎಂದು ತಾನೇ ನಕ್ಕಿದ್ದ.

ಓದುಕೋಣೆಯಲ್ಲಿದ್ದ ಎಲ್ಲರ ಜೊತೆ ಮೈದುನನೂ ನಕ್ಕ. ನಗು ಮುಗಿದ ಮೇಲೆ ತನ್ನ ಕರಡು ತೆರೆದು ಆ ಸಾಲನ್ನು ಮತ್ತೊಮ್ಮೆ ಓದಿದ. ಅವನ ಮಾರ್ಗದರ್ಶಕರು, ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದ ಪ್ರಾಧ್ಯಾಪಕರು, ಹೆಸರು ಮಾಡಿದ್ದೇ ಮನೆಯ ವಾತಾವರಣದ ಮೇಲಿನ ಲೇಖನದಿಂದ: ಮಗು ಹಿಂದೆ ಬೀಳುವುದಕ್ಕೆ ಮುಖ್ಯ ಕಾರಣ ಮನೆ, ತರಗತಿಯಲ್ಲ. ಅತ್ತಿಗೆಯ ಪ್ರಬಂಧಕ್ಕೂ ಅವರೇ ಮಾರ್ಗದರ್ಶಕರಾಗಿದ್ದರು, ಆದರೆ ಆ ಲೇಖನ ಬಂದದ್ದು ಅದಾದ ಮೇಲೆ. ಈಗ ಅವನ ಲೇಖನದಲ್ಲಿ ಅತ್ತಿಗೆ 'ತೋರಿಸಿಕೊಟ್ಟರೆ', ಮೇಷ್ಟ್ರು 'ಸ್ಥಾಪಿಸಿದ್ದು' ಏನಾಗಬೇಕು? ಅಲ್ಲದೆ, ಅತ್ತಿಗೆಯನ್ನು ಎತ್ತಿಹಿಡಿದಿದ್ದಾನೆ, ಮನೆಮಂದಿ ಎಂದು ಯಾರಾದರೂ ಅಂದರೆ?

ಆ ಎರಡನೆಯ ಕಾರಣ ಅವನಿಗೆ ಬಹಳ ಹಿಡಿಸಿತು. ಅದರಲ್ಲಿ ಹೆದರಿಕೆಗೆ ನಿಷ್ಪಕ್ಷಪಾತದ ಅಂಗಿ ತೊಡಿಸಬಹುದಿತ್ತು. ಆ ಸಂಜೆ ಓದುಕೋಣೆಯ ಕಂಪ್ಯೂಟರಿನಲ್ಲಿ ಅವನು 'ತೋರಿಸಿಕೊಟ್ಟಿದ್ದಾರೆ' ಅಳಿಸಿ 'ಹೇಳಿಕೊಂಡಿದ್ದಾರೆ' ಎಂದು ಬರೆದ. ಅದರ ಮುಂದಿನ ಸಾಲಿನಲ್ಲಿ 'ಆದರೆ' ಸೇರಿಸಿ, ಮೇಷ್ಟ್ರು 'ಸ್ಥಾಪಿಸಿದ್ದಾರೆ' ಎಂದ. ಹಿಂದಿನಿಂದ ಇಣುಕಿ ನೋಡಿದ ಅಡಿಟಿಪ್ಪಣಿ ಭುಜ ತಟ್ಟಿದ. "ಕೇಳೋ ಮೊದಲೇ ಬಗ್ಗೋನು ಬೇಗ ಡಾಕ್ಟರ್ ಆಗ್ತಾನೆ. ನಾನು ಕೇಳಿದ ಮೇಲೆ ಬಗ್ಗಿದೆ, ಅದಕ್ಕೇ ಇಲ್ಲಿದ್ದೀನಿ."

ಕರಡನ್ನು ಓದಿ ಮೇಷ್ಟ್ರು ಅಲ್ಪವಿರಾಮಗಳನ್ನು ತಿದ್ದಿಕೊಟ್ಟರು. ಆ ಸಾಲಿನ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅವರಿಗೆ ಒಪ್ಪಿಗೆ, ಎಂದುಕೊಂಡ ಅವನು.

ಈಗ ಅತ್ತಿಗೆಯ ಪೆನ್ಸಿಲ್ ನಿಂತಿತು.

ಅವನು ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ಕೂಡ ವಾಸಿ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ. ಫ್ಯಾನು ಟಕ್ಕೆಂದಿತು. ಅಣ್ಣನ ಕೈಯಲ್ಲಿ ತಂತಿಯ ಸುರುಳಿ ಸರಸರ ಬಿಚ್ಚಿಕೊಳ್ಳುತ್ತಿತ್ತು.

"ಪುಟಸಂಖ್ಯೆ ಬಿಟ್ಟಿದ್ದೀಯಲ್ಲೋ," ಎಂದಳು ಅತ್ತಿಗೆ.

"ಎಲ್ಲಿ?"

"ಇಲ್ಲಿ. ನನ್ನ ಪ್ರಬಂಧದ ಕಡೆ." ಅಟ್ಟದ ಮೇಲಿನ ಪ್ರತಿಯನ್ನು ತರಿಸಲಿಲ್ಲ, ಯೋಚಿಸಲೂ ಇಲ್ಲ, ಕೋಷ್ಟಕವಿದ್ದ ಪುಟದ ಸಂಖ್ಯೆಯನ್ನು 'ಹೇಳಿಕೊಂಡಿದ್ದಾರೆ' ಎಂಬುದರ ಪಕ್ಕದಲ್ಲಿ ಆವರಣ ಹಾಕಿ ಬರೆದಳು. ಸಂಖ್ಯೆಗಳು ಅಚ್ಚುಕಟ್ಟಾಗಿದ್ದವು. "ಪುಟ ಕೊಟ್ರೆ ಓದೋರು ಹೋಗಿ ನೋಡ್ಕೋತಾರೆ," ಎಂದಳು. ಹಾಳೆ ಮಗುಚಿದಳು.

ಅಷ್ಟೇ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. ಅವನು ಮತ್ತೆ ಗ್ರಂಥಸೂಚಿಯ ಮೇಲೆ ಬಗ್ಗಿದ. ಲೇಖನ ಅದೇ ಪದದೊಂದಿಗೆ, ಅವಳು ಕೊಟ್ಟ ಪುಟಸಂಖ್ಯೆಯೊಂದಿಗೆ ವಿಭಾಗದ ಪತ್ರಿಕೆಯಲ್ಲಿ ಅಚ್ಚಾಯಿತು.

ಸಂದರ್ಶನದ ದಿನ ಅತ್ತಿಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಹಳೆಯ ಪ್ರಬಂಧಕ್ಕೆ ಹೊಸ ರಟ್ಟು ಹಾಕಿಸಿಕೊಂಡು ಹೋದಳು. ಸಂಜೆ ಬಂದವಳು ಚಪ್ಪಲಿ ಬಿಟ್ಟು, ನೇರ ಅಡುಗೆಮನೆಗೆ ಹೋಗಿ, ನಿಂತುಕೊಂಡೇ ನೀರು ಕುಡಿದಳು. ಅಂಗಡಿ ಬೇಗ ಮುಚ್ಚಿ ಬಂದಿದ್ದ ಅಣ್ಣ ಹೊಸ್ತಿಲಲ್ಲಿ ನಿಂತಿದ್ದ. ಅವನು ಅಣ್ಣನ ಹಿಂದೆ.

"ಏನಾಯ್ತೇ?"

"ಒಂದೇ ಜಾಗ ಇದ್ದಿದ್ದು. ಇನ್ನೊಂದು ಹುಡುಗಿಗೆ ಕೊಟ್ರು. ಚೂಟಿ ಹುಡುಗಿ." ಲೋಟ ತೊಳೆದು ಬೋರಲು ಹಾಕಿದಳು. "ಹೊರಗಿನಿಂದ ಬಂದಿದ್ದ ತಜ್ಞೆ ಒಳ್ಳೆಯವರೇ. ನಿಮ್ಮ ಹಳೇ ಕೆಲಸ ಕುತೂಹಲ ಹುಟ್ಟಿಸುತ್ತೆ ಅಂದ್ರು. ಆದ್ರೆ ಅದನ್ನ ಉಲ್ಲೇಖ ಮಾಡಿರೋ ಒಂದೇ ಒಂದು ಲೇಖನದಲ್ಲಿ 'ಹೇಳಿಕೊಂಡಿದ್ದಾರೆ' ಅಂತಿದೆಯಲ್ಲ, ಪುರಾವೆ ಸಾಲದಾಯ್ತೇನು ಅಂತ ಕೇಳಿದ್ರು."

ಅವನು ಅಣ್ಣನ ಬೆನ್ನ ಹಿಂದಕ್ಕೆ ಇನ್ನಷ್ಟು ಸರಿದ.

"ಪ್ರಬಂಧ ತೋರಿಸೋಕಾಗ್ಲಿಲ್ವಾ?" ಅಣ್ಣನ ದನಿ ಏರಿತು.

"ತೋರಿಸ್ದೆ. ಅಷ್ಟು ದಪ್ಪ ಪುಸ್ತಕನ ಅಲ್ಲೇ ಕೂತು ಯಾರು ಓದ್ತಾರೆ? ಒಂದು ಸಾಲು ಓದೋದು ಸುಲಭ."

"ಸ್ವಿಚ್ ಒತ್ತಿದೋನು ನಾನು! ನನ್ನ ಕರೀಲಿ, ನಾನು ಸಾಕ್ಷಿ ಹೇಳ್ತೀನಿ. ಫ್ಯಾನ್ ನಿಂತ ತಕ್ಷಣ ಆ ಕಡೇ ಬೆಂಚಿನ ಹುಡುಗ್ರು ಹೆಂಗೆ ತಲೆ ಎತ್ತಿದ್ರು ಅಂತ ನಾನು ಕಣ್ಣಾರೆ ನೋಡಿದ್ದೀನಿ. ಹೇಳಿಕೊಂಡಿದ್ದಾರಂತೆ! ಯಾವನು ಬರೆದೋನು ಅದನ್ನ?"

ಅಣ್ಣ ತಮ್ಮನ ಲೇಖನ ಓದಿರಲಿಲ್ಲ. ತಮ್ಮನ ಹೆಸರು ಅಚ್ಚಾದ ಪುಟವನ್ನು ಮಾತ್ರ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದ.

"ಯಾರೋ ಎಚ್ಚರದ ಮನುಷ್ಯ," ಎಂದಳು ಅತ್ತಿಗೆ. "ನಾನೂ ಅವರಿಗೆ ಹಾಗೇ ಹೇಳಿದೆ. ಹೋಗಿ ಮುಖ ತೊಳ್ಕೊಳ್ಳಿ, ಕೈಯೆಲ್ಲ ಗ್ರೀಸು."

ಅಣ್ಣ ಗೊಣಗುತ್ತ ಬಚ್ಚಲಿಗೆ ಹೋದ. ನೀರು ಬಿಟ್ಟ ಸದ್ದು ಕೇಳಿದ ಮೇಲೆ ಅತ್ತಿಗೆ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟನ್ನು ಹುಡುಕಿದ. ಇರಲಿಲ್ಲ.

"ಮೇಷ್ಟ್ರು ಬರೆಸಿದ್ದು ಅಲ್ವಾ?"

ಅವನು ಬಾಯಿ ತೆರೆದ.

"ಬೇಡ, ಹೇಳ್ಬೇಡ ಬಿಡು," ಎಂದಳು. "ಆವತ್ತು ಓದುವಾಗ್ಲೇ ಅಂದ್ಕೊಂಡೆ. ನಿನ್ನ ಡಿಗ್ರಿ ಅವರ ಕೈಲಿದೆ, ನೀನೇನು ಮಾಡ್ತೀಯ ಪಾಪ. ಕೇಳಿದ್ರೆ ನಿನಗೆ ಎರಡೂ ಕಡೆ ಕಷ್ಟ ಅಂತ ಸುಮ್ಮನಾದೆ. ಅಣ್ಣನಿಗೆ ಗೊತ್ತಾಗೋದು ಬೇಡ, ಹೋಗಿ ಮೇಷ್ಟ್ರ ಮನೆ ಫ್ಯೂಸ್ ಕಿತ್ಹಾಕಿ ಬರ್ತಾನೆ."

ಅವಳು ನಕ್ಕಳು. ಅವನೂ ನಗಬೇಕಾಯಿತು. ತೆರೆದ ಬಾಯಿ ನಗುವುದಕ್ಕೇ ತೆರೆದದ್ದು ಎನ್ನುವ ಹಾಗೆ ಮುಚ್ಚಿಕೊಂಡಿತು. ಇಲ್ಲ ಎನ್ನದಿದ್ದುದೇ ಹೌದು ಎಂದಾಯಿತು.

ಮರುದಿನ ಮೇಷ್ಟ್ರೇ ಕರೆಸಿದರು. ಅವರ ಕೋಣೆಯಲ್ಲಿ ಕುರ್ಚಿಗಳ ಮೇಲೂ ಪ್ರಬಂಧಗಳಿದ್ದವು; ಬಂದವರು ಯಾರದಾದರೂ ದುಡಿಮೆಯನ್ನು ಎತ್ತಿ ನೆಲಕ್ಕಿಟ್ಟೇ ಕೂರಬೇಕಿತ್ತು. ಅವನು ನಿಂತೇ ಇದ್ದ.

"ನಿಮ್ಮತ್ತಿಗೆ ಬೇಜಾರು ಮಾಡ್ಕೊಂಡ್ರಾ?"

"ಇಲ್ಲ ಸರ್."

"ಮಾಡ್ಕೊಳ್ಳೋ ಪೈಕಿ ಅಲ್ಲ ಆಕೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಕೇಳ್ತೀನಿ. ಆ ಫಲಿತಾಂಶದಲ್ಲಿ ಏನಾದ್ರೂ ತೊಂದರೆ ಇತ್ತೇನಯ್ಯ? ಮಕ್ಕಳ ಉತ್ತರಗಳಲ್ಲಿ, ಲೆಕ್ಕದಲ್ಲಿ?"

"ಇಲ್ಲ... ನನಗೆ ಗೊತ್ತಿರೋ ಹಾಗೆ ಇಲ್ಲ ಸರ್."

"ನನಗೂ ಗೊತ್ತಿರಲಿಲ್ಲ. ನಾನೇ ನೋಡಿದ್ದ ಕೆಲಸ, ಗಟ್ಟಿ ಕೆಲಸ. ನಿನ್ನ ಕರಡಿನಲ್ಲಿ ಆ ಪದ ಓದಿದಾಗ ಕೈ ತಡೀತು. ತಿದ್ದೋಣ ಅಂದ್ಕೊಂಡೆ. ಆಮೇಲೆ, ಇವನು ಆ ಮನೆಯ ಹುಡುಗ, ನಮಗೆ ಕಾಣದ್ದು ಏನೋ ಕಂಡಿರಬೇಕು, ಇಲ್ದಿದ್ರೆ ಸ್ವಂತ ಅತ್ತಿಗೆಗೆ ಹೀಗ್ಯಾಕೆ ಬರೀತಾನೆ ಅನ್ನಿಸ್ತು. ನಿನ್ನೆ ಸಂದರ್ಶನದಲ್ಲಿ ಆ ತಜ್ಞೆ ಕೇಳಿದಾಗ ನಾನೂ ಅಲ್ಲೇ ಇದ್ದೆ, ಆಗಲೂ ಅದೇ ಯೋಚನೆ. ಸುಮ್ಮನೆ ಕೂತೆ."

"ಸರ್, ನಿಮ್ಮ ಲೇಖನಕ್ಕೆ... ಮನೆ ವಾತಾವರಣ ಅಂತ ನೀವು..."

"ಹೂಂ, ನಾನು ಮನೆ ಅಂದೆ. ಆಕೆ ಫ್ಯಾನ್ ಅಂದ್ಳು. ಮಗುವಿಗೆ ಮನೆಯೂ ಇರುತ್ತೆ, ತಲೆ ಮೇಲೆ ಫ್ಯಾನೂ ಇರುತ್ತೆ. ಎರಡೂ ನಿಜ ಆಗಬಾರದೇನು?" ಅವರು ಅವನನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಹೊಳೆದಂತೆ ಹುಬ್ಬು ಮೇಲೇರಿ, ಮತ್ತೆ ಇಳಿಯಿತು. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಸರಿ, ಹೋಗು. ನಿನ್ನ ಪ್ರಬಂಧದಲ್ಲಾದ್ರೂ ಸರಿಮಾಡ್ಕೋ. ಅಧ್ಯಾಯ ತಡ ಮಾಡ್ಬೇಡ."

ಅವನು ಓದುಕೋಣೆಗೆ ಹೋಗಲಿಲ್ಲ. ವಿಭಾಗದ ಹಿಂದಿನ ಮೆಟ್ಟಿಲುಗಳ ಮೇಲೆ ಕೂತ. ಮೇಷ್ಟ್ರು ಅವನು ಬಲ್ಲವನೆಂದು ಸುಮ್ಮನಿದ್ದರು. ಅತ್ತಿಗೆ ಅವನು ಬಡಪಾಯಿಯೆಂದು ಸುಮ್ಮನಿದ್ದಳು. ಇಬ್ಬರೂ ಅವನ ಬಗ್ಗೆ ಒಳ್ಳೆಯದನ್ನೇ ಎಣಿಸಿದ್ದರು, ಆ ಎರಡು ಒಳ್ಳೆಯ ಎಣಿಕೆಗಳ ನಡುವೆ ಅವಳ ಜಾಗ ಹೋಗಿತ್ತು. ಅಡಿಟಿಪ್ಪಣಿಯನ್ನು ಬೈಯಬೇಕೆನಿಸಿತು. ಆದರೆ ಅವನು ಒಂದು ತಮಾಷೆ ಹೇಳಿದ್ದ, ಅಷ್ಟೇ. ಕೀಲಿಮಣೆಯ ಮೇಲಿದ್ದ ಬೆರಳು ಅವನದಲ್ಲ.

ತನ್ನ ಪ್ರಬಂಧದಲ್ಲಿ ಅದೇ ಸಾಲು ಬರುವ ಅಧ್ಯಾಯದಲ್ಲಿ ಅವನು 'ಹೇಳಿಕೊಂಡಿದ್ದಾರೆ' ಎಂಬುದನ್ನು ತೆಗೆದು 'ತೋರಿಸಿಕೊಟ್ಟಿದ್ದಾರೆ' ಎಂದು ಬರೆದ. 'ಆದರೆ'ಯನ್ನೂ ತೆಗೆದ. ಬದಲಿಸಲು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟು ಸುಲಭವಾಗಿದ್ದುದೇ ಅವನನ್ನು ಹೆಚ್ಚು ಚುಚ್ಚಿತು. ಕಷ್ಟವಾಗಿದ್ದರೆ ಮೊದಲು ಮಾಡದೆ ಇದ್ದುದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು.

ಈ ಸಲ ಕರಡನ್ನು ಅತ್ತಿಗೆಗೆ ಕೊಡಬಾರದೆಂದುಕೊಂಡಿದ್ದ. ಅವಳೇ ಕೇಳಿ ತೆಗೆದುಕೊಂಡಳು. "ನನ್ನ ಬಿಟ್ಟು ಯಾರ ಹತ್ರ ಓದಿಸ್ತೀಯೋ? ನಿನ್ನ ವಾಕ್ಯಗಳಿಗೆ ಬಾಲ ಜಾಸ್ತಿ, ಕತ್ತರಿಸೋಕೆ ನಾನೇ ಬೇಕು." ಅದೇ ಮೇಜು, ಅದೇ ಕೆಂಪು ಪೆನ್ಸಿಲ್, ಅದೇ ಫ್ಯಾನಿನ ಟಕ್ಕು. ಅಣ್ಣ ಮಗಳ ಮುರಿದ ಆಟಿಕೆಗೆ ಬೆಸುಗೆ ಹಾಕುತ್ತಿದ್ದ.

ಪೆನ್ಸಿಲ್ ನಿಂತಿತು. ಈ ಸಲ ಬಹಳ ಹೊತ್ತು ನಿಂತಿತು.

"ಮೇಷ್ಟ್ರು ಒಪ್ಪಿದ್ರಾ?" ದನಿ ತಗ್ಗಿಸಿ ಕೇಳಿದಳು.

"ಒಪ್ಪಿದ್ರು."

"ಅವರ ಎದುರಿಗೆ ನಿಂತು ಕೇಳ್ದ್ಯಾ?"

"ಮಾತಾಡಿದೆ."

ಅದೂ ಸುಳ್ಳಲ್ಲ. ಮಾತಾಡಿದ್ದ. ಅತ್ತಿಗೆ ಆ ಸಾಲಿನ ಮೇಲೆ ಅಂಗೈ ಇಟ್ಟು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ, ಹಾಗೇ ಕೂತಳು. ಅವಳ ಕಣ್ಣು ತುಂಬಿದ್ದನ್ನು ಅವನು ಮೊದಲ ಸಲ ನೋಡಿದ. ಜಾಗ ಕೈತಪ್ಪಿದ ದಿನ ತುಂಬಿರಲಿಲ್ಲ.

"ರೀ, ಕೇಳಿದ್ರಾ?" ಎಂದಳು ಅಣ್ಣನಿಗೆ. "ನಿಮ್ಮ ತಮ್ಮ ನನ್ನ ಕೆಲಸದ ಪರವಾಗಿ ಮೇಷ್ಟ್ರ ಎದುರು ನಿಂತು ಮಾತಾಡಿದ್ದಾನೆ."

"ಇವನಾ?" ಅಣ್ಣ ಬೆಸುಗೆಯ ಕಡ್ಡಿ ಎತ್ತಿ ಹಿಡಿದು ತಮ್ಮನನ್ನು ನೋಡಿದ. "ಅಂಗಡಿಗೆ ಬಂದ ಗಿರಾಕಿ ಹತ್ರ ಬಾಕಿ ಕೇಳು ಅಂದ್ರೆ ಬೆವರ್ತಾನೆ ಇವನು. ಬಾಯಿ ಇದೆಯೇನೋ ನಿನಗೆ?"

"ಇದೆ ಅಂತ ಈಗ ಗೊತ್ತಾಯ್ತಲ್ಲ," ಎಂದಳು ಅತ್ತಿಗೆ. "ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ಇವನ ಪ್ರಬಂಧ ಅಷ್ಟೊತ್ತಿಗೆ ಗ್ರಂಥಾಲಯದಲ್ಲಿ ಇರುತ್ತೆ. ಆದ್ರೆ ಆ ಮೇಷ್ಟ್ರ ಕೈಕೆಳಗೆ ಮಾತ್ರ ಬೇಡ. ಬೇರೆ ಯಾರಾದ್ರೂ ಸಿಗ್ತಾರೇನೋ ನೋಡ್ತೀನಿ."

"ಅವರು ಅಂಥವರಲ್ಲ ಅತ್ತಿಗೆ," ಎಂದ ಅವನು. ತನ್ನ ದನಿ ತನಗೇ ಫ್ಯಾನಿನ ಆಚೆಯಿಂದ ಬಂದಂತೆ ಕೇಳಿಸಿತು.

"ನೀನು ಅವರನ್ನ ಬಿಟ್ಟುಕೊಡಲ್ಲ, ಅದು ನಿನ್ನ ದೊಡ್ಡತನ." ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಹಾಳೆ ಮಗುಚಿದಳು.

ಅಣ್ಣ ಎದ್ದು ಬಂದ. ಸ್ಟೂಲು ಎಳೆದು, ಫ್ಯಾನಿನ ಸ್ವಿಚ್ಚು ಆರಿಸಿ, ಮೇಲೆ ಹತ್ತಿದ. "ಇವತ್ತು ಖುಷಿಗೆ ಇದನ್ನ ಸರಿ ಮಾಡೇಬಿಡ್ತೀನಿ, ಮೇಡಂ," ಎಂದ. ರೆಕ್ಕೆಗಳು ನಿಧಾನವಾಗಿ ನಿಂತವು. ಟಕ್ಕೆನ್ನುವ ಸದ್ದು ಹೋಯಿತು. ಆ ಕೋಣೆಯಲ್ಲಿ ಈಗ ಮೆಲುದನಿಯಲ್ಲಿ ಹೇಳಿದರೂ ಸಾಕಿತ್ತು, ಎಲ್ಲರಿಗೂ ಕೇಳಿಸುತ್ತಿತ್ತು. ಅತ್ತಿಗೆ ಯಾಕೋ ತಲೆ ಎತ್ತಿ ಅವನ ಕಡೆ ನೋಡಿದಳು, ಅವನು ಏನೋ ಹೇಳುವವನಿದ್ದಾನೆ ಎನ್ನುವ ಹಾಗೆ.

ಅವನು ಅಣ್ಣನಿಗೆ ಸ್ಕ್ರೂಡ್ರೈವರ್ ಎತ್ತಿಕೊಟ್ಟ.

'ಹೇಳಿಕೊಂಡಿದ್ದಾರೆ' ಎಂದು ಬರೆಯಲು ತನಗೆ ಯಾರೂ ಹೇಳಿರಲಿಲ್ಲ ಎಂಬುದನ್ನು ಅವನು ಅತ್ತಿಗೆಗೆ ಎಂದೂ ಹೇಳಲಿಲ್ಲ.